ಕೆಂಪು ಕಾರಿನ ತಳ

ಕಾರಿನಡಿ ಅಂಗಾತ ಮಲಗಿದ್ದ ನೆವಿಲ್, ಹೆಂಡತಿಗೆ ಸುಳ್ಳು ಹೇಳಬೇಕೆಂದು ಆಗಲೇ ತೀರ್ಮಾನಿಸಿದ್ದ.

ಕಾರಿನ ಬಾಗಿಲ ಪಕ್ಕದಲ್ಲಿ ಜಾನಿಸಳ ಬೂಟುಗಳು ಕಾಣುತ್ತಿದ್ದವು. ಹೊಸ ಬೂಟು. ಈಚೆಗೆ ಅವಳದೆಲ್ಲ ಹೊಸದೇ. ಕೂದಲ ಬಣ್ಣ, ಸೆಂಟು, ನಗು.

"ಹೇಗಿದೆ ನೆವಿಲ್?"

"ತಾಳು. ಇನ್ನೂ ನೋಡ್ತಿದೀನಿ."

ಹ್ಯಾಲಿಫ್ಯಾಕ್ಸ್ ಊರಾಚೆಯ ಆ ಅಂಗಳದಲ್ಲಿ ಒಂದೇ ಮಾದರಿಯ ಎರಡು ಹಳೆ ಸ್ಪೋರ್ಟ್ಸ್ ಕಾರುಗಳು ಮಾರಾಟಕ್ಕಿದ್ದವು. ಎರಡೇ ಸೀಟು, ಮಡಚುವ ಚಾವಣಿ. ಕೆಂಪನೆಯದು ಮೊದಲ ತಲೆಮಾರಿನದು. ಬಟ್ಟೆಯ ಚಾವಣಿ, ಗುಂಡಿ ಒತ್ತಿದರೆ ಕಪ್ಪೆಗಣ್ಣಿನಂತೆ ಮೇಲೇಳುವ ದೀಪಗಳು. ಬೂದು ಬಣ್ಣದ್ದು ಅದರ ಮೊಮ್ಮಗ. ತಗಡಿನ ಚಾವಣಿ ತಾನಾಗಿ ಮಡಚಿಕೊಳ್ಳುತ್ತಿತ್ತು. ಹಳೆಯದಕ್ಕೆ ಮೋಹದ ಬೆಲೆ ಸೇರಿ ಎರಡಕ್ಕೂ ಒಂದೇ ದರ.

"ಅಕ್ಕನ ಜೊತೆ ವಿಟ್ಬಿ ಕಡೆ ಸಮುದ್ರ ನೋಡೋಕೆ ಹೋಗ್ಬೇಕು, ಅದಕ್ಕೆ," ಎಂದಿದ್ದಳು ಜಾನಿಸ್. ಅವಳ ಅಕ್ಕ ಬಸ್ಸಿನ ಕಿಟಕಿ ತೆರೆದರೂ ಕಿವಿಗೆ ಹತ್ತಿ ತುರುಕಿಕೊಳ್ಳುವ ಹೆಂಗಸು. ಪಕ್ಕದ ಸೀಟು ಯಾರಿಗೆಂದು ನೆವಿಲ್‌ಗೆ ಗೊತ್ತಿತ್ತು. ಚರ್ಚಿನಲ್ಲಿ ಅವಳ ಜೊತೆ ಹಾಡುವ ರಾಡ್ನಿಗೆ. ಅವನ ಚೌಕುಳಿ ಟೋಪಿ ಒಂದು ಸಂಜೆ ನೆವಿಲ್‌ನ ಮನೆಯ ಗೂಟದಲ್ಲೇ ನೇತಾಡುತ್ತಿತ್ತು. ನೆವಿಲ್ ಅದನ್ನು ಮುಟ್ಟಲಿಲ್ಲ, ಒಂದು ಮಾತೂ ಆಡಲಿಲ್ಲ. ಮರುದಿನ ಗೂಟ ಬರಿದಾಗಿತ್ತು. ಕದಿಯುವುದು ಕಲಿತಿದ್ದಾಳೆ, ಬಚ್ಚಿಡುವುದು ಕಲಿತಿಲ್ಲ ಎಂದುಕೊಂಡಿದ್ದ. ತಾನು ನೋಡಿದ್ದು ಅವಳಿಗೆ ತಿಳಿದಿಲ್ಲವೆಂಬ ಧೈರ್ಯ ಅವನಿಗೆ.

ಕಾರು ನೋಡಲು ಅವಳೇ ಕರೆದಿದ್ದಳು. "ನಿನ್ನ ಕಣ್ಣು ತಪ್ಪಿಸೋ ಕಾರು ಇನ್ನೂ ಹುಟ್ಟಿಲ್ಲ, ಬಾ."

ನಿಜ. ಕಾರುಗಳ ವಾರ್ಷಿಕ ತಪಾಸಣೆಯಲ್ಲೇ ಅರ್ಧ ಆಯುಷ್ಯ ಸವೆಸಿದವನು ಅವನು. ಆ ಸೀಮೆಯ ಗಂಡಸರಿಗೆ ಹೊಗಳುವುದೆಂದರೆ ಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟು ನಾಚಿಕೆ. ನೆವಿಲ್ ಅವರಲ್ಲೂ ಜುಗ್ಗ. ಒಂದು ಕುಂದೂ ಇಲ್ಲದ ಕಾರಿಗೆ ಅವನು "ಪರವಾಗಿಲ್ಲ" ಅನ್ನುತ್ತಿದ್ದ. ಮದುವೆಯ ದಿನ ಜಾನಿಸಳ ಬಿಳಿ ಉಡುಪು ನೋಡಿಯೂ ಅದನ್ನೇ ಅಂದಿದ್ದ. ಅವಳಮ್ಮ ಅತ್ತಿದ್ದಳು. ಜಾನಿಸ್ ಮಾತ್ರ ಕೆನ್ನೆ ಕೆಂಪಾಗಿ ನಕ್ಕಿದ್ದಳು.

ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಅವನು ಬಾಗಿಲ ಕೆಳಗಿನ ಉಕ್ಕಿನ ಪಟ್ಟಿಗೆ ಒತ್ತಿದ. ಹಿಡಿಯಲಿಲ್ಲ. ಎದೆಯ ಮೇಲೆ ಬಿತ್ತು. ಅಲ್ಲಿ ಉಕ್ಕೇ ಇರಲಿಲ್ಲ. ಪುಟ್ಟಿ ಮೆತ್ತಿ ಮೇಲೆ ಬಣ್ಣ ಬಳಿದಿದ್ದರು. ಚಾವಣಿಯ ನೀರು ಹರಿದುಹೋಗುವ ತೂತಿಗೆ ಎಲೆ ಕಟ್ಟಿಕೊಂಡು, ವರ್ಷಗಟ್ಟಲೆ ನೀರು ಒಳಗೇ ನಿಂತು ಉಕ್ಕೆಲ್ಲ ತುಕ್ಕು ತಿಂದುಹೋಗಿತ್ತು. ಹೆಬ್ಬೆರಳಿನಿಂದ ಒತ್ತಿದ. ಬಿಸ್ಕತ್ತಿನಂತೆ ಕರಕ್ ಎಂದಿತು. ಪಕ್ಕದಿಂದ ಯಾರಾದರೂ ಗುದ್ದಿದರೆ ಈ ಕಾರು ನಡುವಿಗೇ ಮಡಚಿಕೊಳ್ಳುತ್ತದೆ.

ಬೂದು ಕಾರನ್ನು ಆಗಲೇ ನೋಡಿ ಮುಗಿಸಿದ್ದ. ಅದರಲ್ಲಿ ಎತ್ತಿ ಹೇಳುವ ಒಂದು ದೋಷವೂ ಇರಲಿಲ್ಲ.

"ಏನಣ್ಣಾ, ಅಡೀಲೇ ನಿದ್ದೆ ಹೋದ್ರಾ? ಟೀ ತರ್ಲಾ?" ಎಂದ ಕಾರು ಮಾರುವ ಡೆರಿಕ್. ದನಿಯಲ್ಲಿ ಅಳುಕಿತ್ತು.

"ನಿನ್ನ ಟೀ ನಿನ್ನ ಕಾರಿಗೇ ಕುಡಿಸು."

ಸೀಟು ಎರಡು. ಒಂದರಲ್ಲಿ ರಾಡ್ನಿ. ಇನ್ನೊಂದರಲ್ಲಿ ಈ ಬೂಟು. ನೆವಿಲ್ ಒಂದು ಗಳಿಗೆ ಆ ಬೂಟುಗಳನ್ನೇ ನೋಡಿದ. ಹೋಗಬೇಡ ಎಂಬ ಮಾತು ಗಂಟಲವರೆಗೆ ಬಂತು. ಅಂಥ ಮಾತು ಆಡಿ ಅಭ್ಯಾಸವಿರಲಿಲ್ಲ. ನುಂಗಿಕೊಂಡು ಹೊರಗೆ ತೆವಳಿದ.

"ಭಾಳ ಚೆನ್ನಾಗಿದೆ ಜಾನಿಸ್," ಎಂದ. "ತಳ ಕಲ್ಲಿನ ಹಾಗಿದೆ. ಇಷ್ಟು ಹಳೇ ಕಾರು ಹೀಗಿರೋದು ನಾನು ನೋಡೇ ಇಲ್ಲ. ಬಂಗಾರ."

"ಬಂಗಾರಾನಾ?"

"ಅಪ್ಪಟ."

ಡೆರಿಕ್ ಬೆಚ್ಚಿ ನೆವಿಲ್‌ನ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಮತ್ತೆ ಆ ಬೂದು ಬಣ್ಣದ್ದು?"

"ಅದಾ? ಡಬ್ಬ. ಗೇರು ಬಿಗಿ. ಚಾವಣಿ ಮೋಟಾರು ಯಾವತ್ತಾದ್ರೂ ಮಳೇಲಿ ಕೈ ಕೊಡತ್ತೆ. ಹಳೇದನ್ನ ನಂಬಬಹುದು, ಹೊಸದನ್ನಲ್ಲ."

"ಹೌದಾ," ಎಂದಳು ಜಾನಿಸ್. ಅವಳು ಕೆಂಪು ಕಾರನ್ನು ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು. "ಇನ್ನೊಂದ್ಸಲ ಕೇಳ್ತೀನಿ ನೆವಿಲ್. ಸರಿಯಾಗಿ ಯೋಚ್ನೆ ಮಾಡಿ ಹೇಳು. ಇದ್ರಲ್ಲಿ ನಾನು ಕೂತ್ಕೊಂಡು ಹೋಗ್ಬಹುದಾ?"

ಕಲ್ಲುಗೋಡೆಯಾಚೆ ಎಲ್ಲೋ ಕುರಿ ಅರಚಿತು. ಡೆರಿಕ್ ಕೆಮ್ಮಿದ.

"ಹೋಗ್ಬಹುದು," ಎಂದ ನೆವಿಲ್. "ಕಣ್ಮುಚ್ಕೊಂಡು ಹೋಗು."

 ಅವಳು ಹತ್ತಿರ ಬಂದು, ಅವನ ಕೋಟಿನ ಹೆಗಲಿಗೆ ಅಂಟಿದ್ದ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಕೊಡವಿದಳು. ಹಿಂದೆ ದಿನಾ ಸಂಜೆ ಅವನು ಕೆಲಸದಿಂದ ಬಂದಾಗ ಹಾಗೆ ಮಾಡುತ್ತಿದ್ದಳು.  ನೆವಿಲ್‌ಗೆ ಗೆದ್ದೆ ಎನಿಸಿತು, ತಪ್ಪು ಮಾಡಿದೆ ಎಂದೂ ಎನಿಸಿತು, ಎರಡೂ ಒಟ್ಟಿಗೆ. ಹೇಳಿಬಿಡಲೇ ಎಂದು ಬಾಯಿ ತೆರೆದ.

ಅಷ್ಟರಲ್ಲಿ ಅವಳು ಡೆರಿಕ್‌ನ ಕಡೆ ತಿರುಗಿದ್ದಳು.

"ಬೂದು ಬಣ್ಣದ್ದನ್ನೇ ಕೊಡಿ. ಇಷ್ಟು ವರ್ಷದ ಸಂಸಾರದಲ್ಲಿ ಇವನು ಬಾಯ್ತುಂಬ ಹೊಗಳಿದ್ದು ಇದೇ ಮೊದಲು. ಆ ಕೆಂಪು ಕಾರು ಹತ್ತಿದ್ರೆ ಮನೆಗೆ ಬರೋದು ನನ್ನ ಹೆಣ."