ಎರೆಭೂತದ ಜೋಡಿ

ಪಟಾಕಿ ಸುಟ್ಟ ವಾಸನೆ ಬಂದರೆ ನನಗೆ ಈಗಲೂ ದೇಶನೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕಾಲುವೆ ನೀರು ಬರುವ ಮುಂಚೆ ನಮ್ಮ ಕಪ್ಪುಮಣ್ಣಿನ ಎರೆಹೊಲಗಳಲ್ಲಿ ಎರೆಭೂತವೆಂಬ ಹಕ್ಕಿಗಳಿದ್ದವು. ಆಗಿನ್ನೂ ಚಿಕ್ಕವಳಾಗಿದ್ದ ನನ್ನ ಎದೆಮಟ್ಟದ ಎತ್ತರ. ಅವನ್ನು ತೋರಿಸಲು ಅಜ್ಜಿ ನನ್ನನ್ನು ಕರೆದೊಯ್ದಿದ್ದಳು. ನಮ್ಮ ಹತ್ತಿರದ ಹುಲ್ಲಿನ ಮರೆಯಲ್ಲಿ ಹೆಣ್ಣು ತನ್ನ ಒಂದೇ ಮೊಟ್ಟೆಗೆ ಕಾವು ಕೊಡುತ್ತಿತ್ತು. ದೂರದಲ್ಲಿ ಗಂಡು ಬಿಳಿ ಗಂಟಲನ್ನು ಚೀಲದಂತೆ ಉಬ್ಬಿಸಿ ಕುಣಿಯುತ್ತಿತ್ತು.

"ಸುಮ್ನ ಕುಂತು ನೋಡವ್ವ," ಅಂದಳು ಅಜ್ಜಿ.

ಬಳ್ಳಾರಿ ಕಡೆಯ ಜೀಪೊಂದು ಹೊಲಕ್ಕೆ ನುಗ್ಗಿತು. ಅದರಿಂದ ಗುಂಡು ಹಾರಿತು. ಗಂಡು ಹಕ್ಕಿ ಉರುಳಿ ರೆಕ್ಕೆ ಬಡಿಯತೊಡಗಿತು. ಬೇಟೆಗಾರ ಇಳಿದು ಅದರ ಕುತ್ತಿಗೆಯನ್ನು ಬೂಟಿನಿಂದ ತುಳಿದು ಮುರಿದ. ಅದನ್ನು ಜೀಪಿಗೆಸೆದು ನಮ್ಮತ್ತ ಬಂದ.

"ಲೇ ಮುದುಕಿ, ಇದರ ಜೋಡಿ ಎಲ್ಲೈತಿ?"

"ನಾ ಕಂಡಿಲ್ರಿ."

ಅವನು ಬಂದೂಕಿನ ಹಿಡಿಯಿಂದ ಅಜ್ಜಿಯ ಬಾಯಿಗೆ ಹೊಡೆದ. ಹಲ್ಲು ಮುರಿದು ರಕ್ತ ಸೀರೆಗೆ ಇಳಿಯಿತು. ನಾನು ಚೀರಿದೆ. ಅವನು ಮತ್ತೆ ಕೈಯೆತ್ತಿದಾಗ ಅಜ್ಜಿ ದೂರದ ಹಳ್ಳವನ್ನು ತೋರಿಸಿದಳು.

"ಹೊಡೀಬ್ಯಾಡ್ರಿ, ಆ ಕಡಿ ಹಾರಿ ಹೋತ್ರಿ."

ಜೀಪು ಹಳ್ಳದತ್ತ ಓಡಿತು. ಅಜ್ಜಿ ರಕ್ತ ಉಗುಳಿ ನನ್ನ ಬಾಯಿ ಮುಚ್ಚಿದಳು.

"ಅಳಬ್ಯಾಡವ್ವ. ದನಿ ಕೇಳಿ ಅದು ತತ್ತಿ ಬಿಟ್ಟು ಎದ್ದೀತು."

ಹುಲ್ಲಿನಲ್ಲಿ ಹೆಣ್ಣು ಹಕ್ಕಿ ಮೊಟ್ಟೆಯ ಮೇಲೆ ಕದಲದೆ ಕೂತೇ ಇತ್ತು.