ಎರಡು ಬೆರಳಿನ ಸಂದು

ಮೂರನೆಯ ಸಲವೂ ಟೈರು ಎಡಗಡೆಯ ಅಂಚಿಗೇ ಸವೆದು ಬಂದದ್ದನ್ನು ನೋಡಿ ಮಶಾಕಸಾಬನಿಗೆ ಮೈಯೆಲ್ಲ ಉರಿಯಿತು. ಆ ಬುಲೆಟ್ಟಿಗೆ ಅಷ್ಟು ಅಗಲದ ಹಿಂದಿನ ಟೈರು ಕೂಡಿಸಿದವನು ಅವನೇ. ಅದಕ್ಕಾಗಿ ಗಾಡಿಯ ಹಿಂಭಾಗ ಕೊಯ್ದು, ಅಗಲ ಮಾಡಿ, ವೆಲ್ಡಿಂಗ್ ಹೊಡೆದು, ಹೊಸ ಮಡ್ಗಾರ್ಡು ಬಡಿದು ಕೂರಿಸಿದವನೂ ಅವನೇ. ವಿಜಯಪುರದ ಅಥಣಿ ರಸ್ತೆಯಲ್ಲಿ ಗ್ಯಾರೇಜು ಇಟ್ಟು ಮೂವತ್ತು ವರ್ಷವಾಯಿತು. ಅವನ ಕೈಯಿಂದ ನೇರವಾಗಿ ಹೋದ ಗಾಲಿ ಹೀಗೆ ಮತ್ತೆ ಮತ್ತೆ ಮರಳಿ ಬಂದು ಅವನ ಮಾನ ಕಳೆದದ್ದಿಲ್ಲ.

“ಹಿಂಗ ಸವದ್ರ ಇನ್ನೊಂದು ವಾರದಾಗ ಒಡೀತೈತಿ, ಸಂಗಣ್ಣ. ಜೋರ ಹೊಂಟಾಗ ಒಡದ್ರ ನೀವು ಉಳಿಯಾಂಗಿಲ್ಲ.”

ಹೊನವಾಡದ ಸಂಗನಬಸವ ಒಣದ್ರಾಕ್ಷಿ ವ್ಯಾಪಾರಕ್ಕೆಂದು ದಿನಾ ಇದೇ ಗಾಡಿಯ ಮೇಲೆ ಊರಿಂದ ಬಂದು ಹೋಗುವವನು. ಬೆಂಚಿನ ಮೇಲೆ ಕೂತು ಚಹಾ ಆರಿಸುತ್ತಿದ್ದವನು ತಲೆ ಎತ್ತದೆ, “ಹಂಗಾದ್ರ ಮತ್ತೊಮ್ಮೆ ನೇರ ಮಾಡ್ರಿ, ಚಾಚಾ,” ಅಂದ. ಸಾಯುವ ಮಾತು ಕೇಳಿದವನ ದನಿಯೇ ಅಲ್ಲ ಅದು, ಪಂಕ್ಚರ್ ತೆಗೆಸಲು ಬಂದವನ ದನಿ.

ಮಶಾಕಸಾಬ ಗೊಣಗುತ್ತ ದಾರದ ಉಂಡೆ ತೆಗೆದ. ಹಿಂದಿನ ಗಾಲಿಯ ಎರಡೂ ಬದಿಗೆ ದಾರ ತಾಗಿಸಿ, ಮುಂದಿನ ಗಾಲಿಯ ತನಕ ಎಳೆದು ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಮುಂದಿನ ಗಾಲಿಯ ಆಚೆಗೂ ಈಚೆಗೂ ಬಿಟ್ಟ ಜಾಗ ಸರಿಸಮ. ಚೈನು ಕೂಡ ನೇರ. ಅವನ ಕೆಲಸದಲ್ಲಿ ತಪ್ಪೇ ಇರಲಿಲ್ಲ. ಕೊನೆಗೆ ಬ್ಯಾಟರಿ ಹಚ್ಚಿ ಮಡ್ಗಾರ್ಡಿನ ಒಳಗೆ ಇಣುಕಿದ. ಎಡಗಡೆ ಬಣ್ಣವೆಲ್ಲ ಕಿತ್ತುಹೋಗಿ ತಗಡು ಥಳಥಳ ಹೊಳೆಯುತ್ತಿತ್ತು. ಬಲಗಡೆ ಒಂದು ಗೀರೂ ಇಲ್ಲ. ಇಷ್ಟು ಹೊತ್ತಿನ ಸಿಟ್ಟು ಜರ್ರನೆ ಇಳಿದು ಅವನಿಗೆ ನಗೆ ಬಂತು. ಈ ಗುರುತು ಅವನು ಎಷ್ಟು ಗಾಡಿಗಳಲ್ಲಿ ನೋಡಿಲ್ಲ! ಸೀರೆ ಉಟ್ಟವರು ಹಿಂದೆ ಎರಡೂ ಕಾಲು ಒಂದೇ ಬದಿಗೆ ಬಿಟ್ಟು ಕೂತರೆ ಭಾರ ಎಡಕ್ಕೆ ಬೀಳುತ್ತದೆ. ಆ ಕಡೆ ಮಡ್ಗಾರ್ಡು ತಗ್ಗಿ ಟೈರಿಗೆ ಉಜ್ಜುತ್ತದೆ.

“ನನ್ನ ಮುಂದ ಯಾಕ ಮುಚ್ಚಿಡ್ತೀರಿ? ಯಾರನ್ನ ಹಿಂದ ಕುಂದ್ರಿಸಿಕೊಂಡು ತಿರಗಾಕತ್ತೀರಿ?”

“ಯಾರನ್ನೂ ಇಲ್ರಿ.”

“ಯಾವಾಕಿನೋ ಅದಾಳ ಬಿಡ್ರಿ. ಮಡ್ಗಾರ್ಡಽ ಹೇಳಾಕತ್ತೈತಿ.”

“ಎಲ್ಲಿ ಕುಂದ್ರಸಲಿ, ಚಾಚಾ? ಹಿಂದಿನ ಸೀಟು ನೀವಽ ತಗದೀರಿ.”

ಮಶಾಕಸಾಬನ ನಗೆ ಬಾಯಲ್ಲೇ ಒಣಗಿತು. ಹೌದಲ್ಲ! ಒಂದೇ ಸೀಟು ಇರಲಿ, ಹಿಂದೆ ಕಾಲಿಡುವ ಪಾಯಿದಾನಿಯೂ ಬೇಡ, ಯಾರೂ ಕೂಡುವ ಹಾಗೆ ಇರಬಾರದು ಎಂದು ಸಂಗನಬಸವ ಹಟ ಹಿಡಿದು ಮಾಡಿಸಿದ್ದ. ಹೋದ ವರ್ಷ ಅವನ ಹೆಂಡತಿ ರಾಜೇಶ್ವರಿ ಸಂಜೆ ಮಬ್ಬಿನಲ್ಲಿ ತಿಕೋಟಾದ ಆಚೆ ರಸ್ತೆ ಬದಿಗೆ ನಡೆದು ಹೋಗುತ್ತಿದ್ದಾಗ ಯಾವುದೋ ಲಾರಿ ಬಡಿದು ತೀರಿಕೊಂಡಿದ್ದಳು. ಮನೆಯಲ್ಲಿ ಗಾಡಿ ಇದ್ದವಳು ಆ ಹೊತ್ತಿನಲ್ಲಿ ಒಬ್ಬಳೇ ಯಾಕೆ ನಡೆಯುತ್ತಿದ್ದಳೋ ಎಂದು ಜನ ನಾಲ್ಕು ದಿನ ಬಾಯಿಗೆ ಬಂದದ್ದು ಆಡಿದರು, ಬಿಟ್ಟರು. ತಿಂಗಳು ತುಂಬುವುದರೊಳಗೆ ಗಂಡ ಗಾಡಿಯನ್ನು ಹೀಗೆ ಬದಲಿಸಿಕೊಡಿ ಎಂದು ತಂದು ನಿಲ್ಲಿಸಿದಾಗ, ಹೆಂಡತಿ ಹೋದ ಮೇಲೆ ಶೋಕಿ ಹೆಚ್ಚಾಯಿತೆಂದು ಮಶಾಕಸಾಬನೂ ಮನಸ್ಸಿನಲ್ಲಿ ಬೈದುಕೊಂಡಿದ್ದ. ಈಗ ತಾನಾಡಿದ ಚೇಷ್ಟೆಗೆ ತನಗೇ ನಾಚಿಕೆಯಾಯಿತು.

“ತಪ್ಪ ತಿಳೀಬ್ಯಾಡ್ರಿ,” ಅಂದ. “ಬರ್ರಿ, ಊರಿಗೆ ಹೊಂಟಂಗ ಗಾಡಿ ಮ್ಯಾಲ ಕುಂದರ್ರಿ. ನಿಮ್ಮ ಭಾರಕ್ಕ ಎಷ್ಟ ತಗ್ಗತೈತಿ ನೋಡ್ತೇನಿ.”

ಸಂಗನಬಸವ ಹತ್ತಿ ಕೂತು ಸ್ಟ್ಯಾಂಡು ತೆಗೆದು, ಎರಡೂ ಕಾಲು ನೆಲಕ್ಕೂರಿದ. ಮಶಾಕಸಾಬ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಡಗಡೆ ತಗಡಿಗೂ ಟೈರಿಗೂ ನಡುವೆ ಎರಡು ಬೆರಳು ತೂರಿಸಿದ. ಬೆರಳು ಸಲೀಸಾಗಿ ಆಡಿದವು. ಇವನೊಬ್ಬನ ಭಾರಕ್ಕೆ ಇದು ಏಳೇಳು ಜನ್ಮಕ್ಕೂ ತಾಗುವುದಿಲ್ಲ ಅಂದುಕೊಂಡ.

ಆಗ ಗಾಡಿಯ ಹಿಂಭಾಗ ಮೆಲ್ಲಗೆ ತಗ್ಗಿತು. ದಬಕ್ಕನೆ ಏನಲ್ಲ, ದಿನಾ ಹತ್ತಿ ರೂಢಿ ಇದ್ದವರು ಹೆಗಲ ಮೇಲೆ ಕೈ ಊರಿ ಕೂತಾಗ ತಗ್ಗುವ ಹಾಗೆ. ಸ್ಪ್ರಿಂಗು ಕಿರ್ರೆಂದಿತು. ಬೆರಳೆರಡೂ ಸಿಕ್ಕಿಬಿದ್ದವು. ಮಶಾಕಸಾಬ ನೋವಿಗೆ ಹಲ್ಲು ಕಚ್ಚಿ ಮೇಲೆ ನೋಡಿದ. ಮಡ್ಗಾರ್ಡಿನ ಮೇಲೆ ನಡುಮಧ್ಯಾಹ್ನದ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ರಸ್ತೆಯಲ್ಲಿ ತಿಕೋಟಾ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು. ಸಂಗನಬಸವ ಮಾತ್ರ ಸೀಟಿನ ಮೇಲೆ ತುಸು ಮುಂದಕ್ಕೆ ಸರಿದು ಕೂತಿದ್ದ, ಹಿಂದಿನವರಿಗೆ ಜಾಗ ಬಿಡುವ ಹಾಗೆ.

ಹೆದರಿಕೆಯಲ್ಲೂ ಮಶಾಕಸಾಬನಿಗೆ ಏಕವಚನ ಬಾಯಿಗೆ ಬರಲಿಲ್ಲ.

“ಸಂಗಣ್ಣ... ಬೆರಳ ಸಿಕ್ಕಾವ್ರಿ ನನ್ನವು. ಅವ್ರಿಗೆ ಒಂದ ಗಳಿಗಿ ಇಳೀರಿ ಅನ್ರಿ.”

ಸಂಗನಬಸವ ಹಿಂದೆ ತಿರುಗಲಿಲ್ಲ.

“ಆ ಮಾತ ನನ್ನ ಬಾಯಿಂದ ಬರೂದಿಲ್ಲ, ಚಾಚಾ. ಅವತ್ತ ತಿಕೋಟಾ ದಾಟಿದ ಮ್ಯಾಲ, ಸಿಟ್ಟಿಲೆ, ಇಳಿ ಅಂದಾಂವ ನಾನಽ.”