ಕತ್ತಿನಲ್ಲಿ ಸುಣ್ಣ

ಕೆಟ್ಟು ನಿಂತ ಬಸ್ಸನ್ನು ಐವತ್ತಾರು ಪ್ರಯಾಣಿಕರ ಸಮೇತ ಹಲ್ಲಿನಲ್ಲಿ ಕಚ್ಚಿ ಘಾಟಿ ಹತ್ತಿಸಿದವನು ನಾನು. ಅಂಥ ಹಲ್ಲಿಗೇ ನೋವು ಬಂದಾಗ ಹೆಂಡತಿ ವನಜಾಕ್ಷಿ ನನ್ನನ್ನು ಹಲ್ಲಿನ ಡಾಕ್ಟರ ಬಳಿಗೆ ಎಳೆದೊಯ್ದಳು. ನಾನು ಹೊಗೆಸೊಪ್ಪು ಬಿಡಲೆಂದು ಹನ್ನೊಂದು ವರ್ಷದ ಹಿಂದೆ ದೇವಸ್ಥಾನದಲ್ಲಿ ಹರಕೆ ಹೊತ್ತು ತನ್ನ ಪ್ರಾಣದಂಥ ಕಾಫಿಯನ್ನೇ ಬಿಟ್ಟವಳು ಅವಳು. ಅಂದಿನಿಂದ ನಮ್ಮವರ ಬಾಯಲ್ಲಿ ಬರೀ ಲವಂಗದ ವಾಸನೆ ಎಂದು ಊರಿಗೆಲ್ಲ ಹೇಳಿಕೊಂಡು ಬೀಗುತ್ತಾಳೆ.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ದವಡೆಯ ಕೆಳಗಿನ ಬಿಳಿ ಚುಕ್ಕೆಗಳನ್ನು ತೋರಿಸಿದರು.

"ಹಲ್ಲು ಕೀಳಿಸಿದ್ರೆ ಆಯ್ತು. ಆದ್ರೆ ಇಲ್ನೋಡಿ, ಕತ್ತಲ್ಲಿ ಸುಣ್ಣ ಕಟ್ಟಿದೆ."

"ಸುಣ್ಣಾನಾ?" ವನಜಾಕ್ಷಿ ನನ್ನತ್ತ ತಿರುಗಿದಳು.

ನನ್ನ ಬೆವರಿಗೆ ಕುರ್ಚಿಯೇ ತೇಲಿತು. "ಒಂದೇ ಒಂದು ಚಿಟಿಕೆ ಕಣೇ! ನಿನ್ನೆ ಮದುವೆ ಮನೇಲಿ ನಾಲ್ಕು ಜನ ಕೈಕಾಲು ಹಿಡ್ಕೊಂಡು, ಹೊಗೆಸೊಪ್ಪು ಸುಣ್ಣ ತಿಕ್ಕಿ ಬಾಯಿಗೆ ತುರುಕಿಬಿಟ್ರು!"

ಡಾಕ್ಟರಮ್ಮ ನಕ್ಕುಬಿಟ್ಟರು. "ಅಯ್ಯೋ ಯಜಮಾನ್ರೇ, ಇದು ಡಬ್ಬಿ ಸುಣ್ಣ ಅಲ್ಲ. ಯಾವುದೋ ಹಳೇ ಗಂಟು ಒಳಗೇ ಗಟ್ಟಿಯಾಗಿದೆ, ಅಪಾಯ ಏನಿಲ್ಲ. ಬಾಯಿಗೆ ಹಾಕ್ಕೊಂಡಿದ್ದೆಲ್ಲ ಇದರಲ್ಲಿ ಕಾಣಲ್ಲ."

ವನಜಾಕ್ಷಿ ನಗಲಿಲ್ಲ.

"ನಿನ್ನೆ ಯಾರ ಮದುವೇನೂ ಇರ್ಲಿಲ್ಲ, ರೀ," ಎಂದಳು ಮೆಲ್ಲಗೆ. "ಈ ಹನ್ನೊಂದು ವರ್ಷದಲ್ಲಿ ಎಷ್ಟು ದಿನ ಬಿಟ್ಟಿದ್ರಿ? ನಿಜ ಹೇಳಿ."

ನಾನು ತಲೆ ತಗ್ಗಿಸಿದೆ.

"ಅವತ್ತು ನೀನು ಪ್ರದಕ್ಷಿಣೆ ಮುಗಿಸಿ ಬರೋವರೆಗೆ."